ದಿಢೀರ್ ಪ್ರವಾಹದ ಎಚ್ಚರಿಕೆಯನ್ನು ಹೇಳುವ ಬಗೆ

ಕೇಳುಗರಿಗೆ ನಮಸ್ಕಾರ.

ಭಾರಿ ಮಳೆ ಶುರುವಾದ ಆರು ಗಂಟೆಯೊಳಗೆ, ಕೆಲವೊಮ್ಮೆ ಅದಕ್ಕೂ ಎಷ್ಟೋ ಮೊದಲೇ, ಉಕ್ಕಿ ಬರುವ ನೀರನ್ನು ದಿಢೀರ್ ಪ್ರವಾಹ ಎನ್ನುತ್ತಾರೆ. ದೊಡ್ಡ ನದಿಯ ನೆರೆಯಾದರೆ ಸಾಮಾನು ಕಟ್ಟಿಕೊಳ್ಳಲು ಒಂದೆರಡು ದಿನವಾದರೂ ಸಿಕ್ಕೀತು. ಇಲ್ಲಿ ಆ ಬಿಡುವಿಲ್ಲ.

2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾ ಪ್ರಾಂತ್ಯಕ್ಕೆ ಹವಾಮಾನ ಸಂಸ್ಥೆ ಬೆಳಗ್ಗೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಆದರೆ ಜನರ ಮೊಬೈಲುಗಳಿಗೆ ತುರ್ತು ಸಂದೇಶ ಹೋದದ್ದು ರಾತ್ರಿ ಎಂಟು ಗಂಟೆ ದಾಟಿದ ಮೇಲೆ, ಹಲವು ಊರುಗಳ ಬೀದಿಗೆ ನೀರು ನುಗ್ಗಿಯಾದ ಮೇಲೆ. ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆ ಮುಳುಗಿದಾಗ, ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಮ್ಮೆಲೇ ಸಂದೇಶ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆ ಆ ದೇಶದಲ್ಲಿ ಇರಲೇ ಇಲ್ಲ. ಅದು ಜಾರಿಗೆ ಬಂದದ್ದು 2023ರಲ್ಲಿ. ಎರಡೂ ಕಡೆ ಮುನ್ಸೂಚನೆ ಇತ್ತು, ಅದು ಮನೆಬಾಗಿಲಿಗೆ ಬರುವ ದಾರಿಯಲ್ಲಿ ಕೊರತೆಯಿತ್ತು.

ಸಂದೇಶದ ಮಾತನ್ನೂ ನೋಡಬೇಕು. ಮೂರು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಎಂದರೆ ಜಲವಿಜ್ಞಾನಿಗೆ ಅರ್ಥವಾದೀತು, ನೆಲಮಾಳಿಗೆಯಿಂದ ಕಾರು ತೆಗೆಯಲು ಹೊರಟವರಿಗೆ ಅದರಿಂದ ಏನೂ ತಿಳಿಯದು. "ಹಳ್ಳದ ನೀರು ಒಂದು ಗಂಟೆಯೊಳಗೆ ಸೇತುವೆಯ ಮೇಲೆ ಹರಿಯಲಿದೆ, ತಗ್ಗಿನ ಮನೆಯವರು ಈಗಲೇ ಮೇಲಿನ ಮಹಡಿಗೆ ಹೋಗಿ, ನೆಲಮಾಳಿಗೆಗೆ ಇಳಿಯಬೇಡಿ" ಎಂದು ಸ್ಥಳ, ಸಮಯ, ಮಾಡಬೇಕಾದ ಕೆಲಸ ಮೂರನ್ನೂ ಬಿಡಿಸಿ ಹೇಳಬೇಕು. ಹರಿಯುವ ನೀರು 60 ಸೆಂಟಿಮೀಟರ್ ಆಳವಿದ್ದರೆ ಸಾಕು, ಬಹುಪಾಲು ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ "ಜಾಗರೂಕತೆಯಿಂದ ವಾಹನ ಚಲಾಯಿಸಿ" ಎಂಬ ಸಲಹೆ, ನನ್ನ ದೃಷ್ಟಿಯಲ್ಲಿ, ಇಲ್ಲದಿರುವುದೇ ಮೇಲು.

ಎಚ್ಚರಿಕೆ ಕೇಳಿದ ಕೂಡಲೇ ಜನ ಹೊರಡುವುದಿಲ್ಲ. ಕಿಟಕಿಯಿಂದ ಇಣುಕುತ್ತಾರೆ, ಪಕ್ಕದ ಮನೆಯವರನ್ನು ಕೇಳುತ್ತಾರೆ, ನೆಂಟರಿಗೆ ಫೋನು ಮಾಡುತ್ತಾರೆ. ಇದನ್ನು ಉಡಾಫೆ ಎಂದು ಬೈಯುವುದು ತಪ್ಪು, ಖಚಿತಪಡಿಸಿಕೊಳ್ಳುವುದು ಮನುಷ್ಯಸಹಜ. ರೇಡಿಯೋ, ಫೋನು, ಧ್ವನಿವರ್ಧಕ ಮೂರೂ ಒಂದೇ ಮಾತು ಹೇಳಿದರೆ ಹೀಗೆ ಕಳೆದುಹೋಗುವ ನಿಮಿಷಗಳು ಉಳಿಯುತ್ತವೆ. ಸಣ್ಣ ಮಳೆಗೂ ಫೋನು ಚೀರಿದರೆ ಮಾತ್ರ ಜನ ಅದರ ಬಾಯಿ ಮುಚ್ಚಿಸಿಬಿಡುತ್ತಾರೆ. ಅಮೆರಿಕದ ಹವಾಮಾನ ಸೇವೆ ಈಗ ಹೆಚ್ಚು ಹಾನಿಯ ಸಂಭವವಿರುವ ದಿಢೀರ್ ಪ್ರವಾಹದ ಎಚ್ಚರಿಕೆಗಳನ್ನಷ್ಟೇ ಫೋನಿಗೆ ಕಳಿಸುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಕಠಿಣವಾದದ್ದು ರಾತ್ರಿ. 2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಾಸಿನ ಗ್ವಾಡಲೂಪ್ ನದಿ ಉಕ್ಕಿದಾಗ ದಡದಲ್ಲಿದ್ದ ಅನೇಕರು ನಿದ್ದೆಯಲ್ಲಿದ್ದರು. ಸಿಗ್ನಲ್ ಸಿಗದ ಕಣಿವೆಗಳಲ್ಲಿ ಬ್ಯಾಟರಿಯಿಂದ ನಡೆಯುವ ಸೈರನ್ ಬೇಕು. ಕಿವಿ ಕೇಳದವರ, ಎದ್ದು ಓಡಾಡಲಾಗದವರ ಬಾಗಿಲು ತಟ್ಟುವವರು ಯಾರೆಂದು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿರಬೇಕು. ಪರೀಕ್ಷಾ ಸಂದೇಶ ಕಳಿಸಿದ ಮರುದಿನ ಅದು ಯಾರನ್ನು ತಲುಪಲಿಲ್ಲವೆಂದು ಮನೆಮನೆಗೆ ಹೋಗಿ ವಿಚಾರಿಸುವ ಕೆಲಸಕ್ಕೂ ಹಣ ಮತ್ತು ಸಿಬ್ಬಂದಿ ಮೀಸಲಿರಬೇಕು.

ನಮಸ್ಕಾರ.