ಜೋಯಿಡಾದ ದೂರ ಯಾರ ಲೆಕ್ಕದಲ್ಲಿದೆ?

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಗ್ರಾಮ ಪಂಚಾಯತಿ ಸದಸ್ಯ ಬಂಧುಗಳೇ,

ಪಂಚಾಯತ್ ರಾಜ್ ದಿನವಾದ ಏಪ್ರಿಲ್ 24 ಬಂತೆಂದರೆ, ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಯನ್ನು ಹೊಗಳುವುದು ವಾಡಿಕೆ. ಆ ಹೊಗಳಿಕೆ ಅದಕ್ಕೆ ಸಲ್ಲತಕ್ಕದ್ದೇ. ಪಂಚಾಯತ್ ರಾಜ್ ಕಟ್ಟಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಕಂಡ ನಾಡಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ 2027ರ ಜನಗಣತಿಯ ಅಂಕಿಗಳನ್ನು ಹಿಡಿದು ಮುಂದಿನ ಕ್ಷೇತ್ರ ವಿಂಗಡಣೆಯೂ ಅನುದಾನದ ಹಂಚಿಕೆಯೂ ನಡೆಯುವ ನಿರೀಕ್ಷೆ ಇರುವುದರಿಂದ, ಇಂದು ಒಂದೇ ತಕರಾರನ್ನು ನಿಮ್ಮೆದುರು ಇಡುತ್ತೇನೆ. ನಮ್ಮ ಆಡಳಿತಕ್ಕೆ ತಲೆ ಎಣಿಸಲು ಬರುತ್ತದೆ, ದಾರಿ ಅಳೆಯಲು ಬರುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕನ್ನೇ ತೆಗೆದುಕೊಳ್ಳೋಣ. ವಿಸ್ತೀರ್ಣ ಸುಮಾರು 1,900 ಚದರ ಕಿಲೋಮೀಟರ್. 2011ರ ಗಣತಿಯಂತೆ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ರಾಜ್ಯದ ಸರಾಸರಿ ಸಾಂದ್ರತೆ ಚದರ ಕಿಲೋಮೀಟರಿಗೆ 319 ಇದ್ದಾಗ, ಉತ್ತರ ಕನ್ನಡ ಜಿಲ್ಲೆಯದು 140 ಇದ್ದಾಗ, ಇಲ್ಲಿ 30 ಜನರೂ ಇರಲಿಲ್ಲ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ 400 ಜನಕ್ಕೆ ಒಬ್ಬ ಸದಸ್ಯ. ರಾಜ್ಯದ ಸರಾಸರಿಯಲ್ಲಿ ಆ 400 ಜನ ಒಂದೂಕಾಲು ಚದರ ಕಿಲೋಮೀಟರಿನೊಳಗೆ ಸಿಕ್ಕಿಬಿಡುತ್ತಾರೆ. ಜೋಯಿಡಾದಲ್ಲಿ ಅವರನ್ನು ಹುಡುಕಿಕೊಂಡು ಹದಿನಾಲ್ಕು ಹದಿನೈದು ಚದರ ಕಿಲೋಮೀಟರ್ ಕಾಡು, ಹಳ್ಳ, ಏರು, ಇಳಿಜಾರುಗಳನ್ನು ದಾಟಬೇಕು. ಇಬ್ಬರು ಸದಸ್ಯರಿಗೂ ಗೌರವಧನ ಮಾತ್ರ ಒಂದೇ. (ಅದೂ ಗೌರವಕ್ಕೆ ತಕ್ಕಷ್ಟಿಲ್ಲ ಎಂಬುದು ಬೇರೆ ಮಾತು, ಚಪ್ಪಾಳೆ ಬೇಡ.)

ಕಾಯ್ದೆ ಮಾಡಿದವರಿಗೆ ಇದು ತೀರಾ ಹೊಳೆಯಲಿಲ್ಲವೆಂದು ನಾನು ಹೇಳಲಾರೆ. ಬಯಲುಸೀಮೆಯಲ್ಲಿ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯತಿ ಎಂದವರು, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಿಗೆ ಐದು ಕಿಲೋಮೀಟರ್ ವ್ಯಾಪ್ತಿಯೊಳಗೆ 2,500 ಜನರಿದ್ದರೂ ಸಾಕೆಂದು ರಿಯಾಯಿತಿ ಕೊಟ್ಟರು. ಆದರೆ ಪಂಚಾಯತಿ ರಚನೆಗೆ ಸಿಕ್ಕ ಆ ತಿಳಿವಳಿಕೆ ಉಳಿದ ಇಲಾಖೆಗಳ ಬಾಗಿಲಿಗೆ ಹೋಗುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ. ಆರೋಗ್ಯ ಉಪಕೇಂದ್ರಕ್ಕೆ ಬಯಲಿನಲ್ಲಿ 5,000 ಜನ, ಗುಡ್ಡಗಾಡಿನಲ್ಲಿ 3,000 ಜನ ಎಂಬುದು ಮಾನದಂಡ. ರಿಯಾಯಿತಿಯ ಲೆಕ್ಕವನ್ನೇ ಹಿಡಿದರೂ ಜೋಯಿಡಾದಲ್ಲಿ 3,000 ಜನ ಎಂದರೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸೀಮೆ. ಅಷ್ಟನ್ನು ಒಬ್ಬ ನರ್ಸಮ್ಮ ಲಸಿಕೆಯ ಪೆಟ್ಟಿಗೆ ಹೊತ್ತು ತಿರುಗಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಆರಂಭವಾದಾಗ ಬಯಲಿನಲ್ಲಿ 500, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ವಸತಿಗಳಿಗೆ ರಸ್ತೆ ಎಂದು ಗೊತ್ತುಮಾಡಿದರು. ಕುಣಬಿಗಳ ಆರು ಮನೆ, ಗೌಳಿಗರ ಎಂಟು ಮನೆ, ಸಿದ್ದಿಗಳ ಹತ್ತು ಮನೆ ಇರುವ ಕಡೆ 250 ಜನರನ್ನು ಎಲ್ಲಿಂದ ತರೋಣ?

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಕೇಳಿದವರು ಇನ್ನೊಮ್ಮೆ ಸಹಿಸಿಕೊಳ್ಳಿ. ಗುಜರಾತಿನ ಗಿರ್ ಕಾಡಿನೊಳಗೆ ಬಾಣೇಜ್ ಎಂಬಲ್ಲಿ ಒಂದು ಶಿವಾಲಯವಿದೆ. ಅಲ್ಲಿದ್ದ ಮಹಂತರೊಬ್ಬರೇ ಆ ಜಾಗದ ಏಕೈಕ ಮತದಾರರು. ಚುನಾವಣೆ ಬಂದಾಗಲೆಲ್ಲ ಅವರೊಬ್ಬರಿಗಾಗಿ ಸಿಂಹಗಳು ಓಡಾಡುವ ಕಾಡಿನಲ್ಲಿ ಮತಗಟ್ಟೆ ತೆರೆಯುತ್ತಿದ್ದರು. ಅಧಿಕಾರಿಗಳು, ಪೊಲೀಸರು, ಯಂತ್ರ, ಶಾಯಿ, ಎಲ್ಲವೂ ಹೋಗಬೇಕು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು ಎಂಬುದು ಚುನಾವಣಾ ಆಯೋಗದ ನಿಯಮ. ಅವರು ಬಂದು ಮತ ಹಾಕಿದರೆ ಅಲ್ಲಿ ನೂರಕ್ಕೆ ನೂರು ಮತದಾನ! ಪತ್ರಿಕೆಗಳು ಇದನ್ನು ಪ್ರಜಾಪ್ರಭುತ್ವದ ಸೊಬಗೆಂದು ವರ್ಣಿಸಿದವು, ನಾನೂ ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆ ಇಷ್ಟೆ: ಒಂದು ಮತವನ್ನು ತರಲು ಕಾಡಿನೊಳಗೆ ಹೋಗುವ ದಾರಿ ಗೊತ್ತಿರುವ ಇದೇ ಸರ್ಕಾರಕ್ಕೆ, ಅದೇ ದಾರಿಯಲ್ಲಿ ಪಡಿತರ ಒಯ್ಯುವಾಗ ಮಾತ್ರ ಜನಸಂಖ್ಯೆ ಸಾಲದೆಂದು ಏಕೆ ಅನ್ನಿಸುತ್ತದೆ? ಆ ಎರಡು ಕಿಲೋಮೀಟರಿನ ನಿಯಮ ಮತಗಟ್ಟೆಗೆ ನ್ಯಾಯವಾದರೆ ನ್ಯಾಯಬೆಲೆ ಅಂಗಡಿಗೂ ನ್ಯಾಯವೇ ಅಲ್ಲವೇ?

"ಇವರೆಲ್ಲ ಒಂದೇ ಕಡೆ ಮನೆ ಕಟ್ಟಿಕೊಂಡರೆ ಆಗದೇ?" ಎಂದು ಕೇಳುವ ಅಧಿಕಾರಿಗಳಿದ್ದಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹಳ್ಳದ ನೀರು ಎಷ್ಟು ಗದ್ದೆಗೆ ಏರುತ್ತದೆಯೋ ಅಷ್ಟೇ ಮನೆಗಳು ಅಲ್ಲಿ ನಿಲ್ಲುತ್ತವೆ. ಒಂದೆಡೆ ಸೇರಿಸಿದ ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದು ಸೂಪಾ ಊರು ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ನಿರಾಶ್ರಿತರಿಗೆ ರಾಮನಗರ ಕಟ್ಟಿಕೊಟ್ಟರು. ಅಷ್ಟು ದೊಡ್ಡ ಜಲಾಶಯಕ್ಕಾಗಿ ಊರು ಬಿಟ್ಟವರೇ ಕುಡಿಯುವ ನೀರಿಗಾಗಿ ದನಿ ಎತ್ತಬೇಕಾಯಿತು.

ದಾರಿಯ ಲೆಕ್ಕ ಎಂದೆನಲ್ಲ, ಅದನ್ನು ಕಾಲುಸಂಕದ ಮೇಲೆ ನಿಂತು ನೋಡಬೇಕು. ಮಳೆ ಹಿಡಿಯುವ ಮೊದಲು ಹಳ್ಳದ ಎರಡೂ ದಂಡೆಯ ಮನೆಯವರು ಸೇರಿ ಮರದ ದಿಮ್ಮಿ ಹಾಯಿಸಿ, ಬಿದಿರಿನ ಗಳ ಕಟ್ಟಿ, ಕೈಹಿಡಿಕೆಗೆ ಬಳ್ಳಿಯನ್ನೋ ಹಗ್ಗವನ್ನೋ ಬಿಗಿಯುತ್ತಾರೆ. ದೊಡ್ಡ ಮಳೆಗೆ ಅದು ಕೊಚ್ಚಿಹೋದರೆ ಶಾಲೆಗೆ ಮಕ್ಕಳಿಲ್ಲ, ಡೇರಿಗೆ ಹಾಲಿಲ್ಲ, ಬಸುರಿ ಹೆಂಗಸನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಸುತ್ತುದಾರಿ ಹಿಡಿಯಬೇಕು. ಆ ಸಂಕ ಕಟ್ಟಿದ ಕೂಲಿ ಯಾವ ಪಂಚಾಯತಿಯ ಜಮಾಖರ್ಚಿನಲ್ಲೂ ಇರುವುದಿಲ್ಲ.

ಇನ್ನು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನಿಂದ ಪರಿಹಾರ ಪಡೆದು ಹೊರಹೋಗುತ್ತಿರುವ ಕುಟುಂಬಗಳ ವಿಷಯ. ಹೋಗುವುದು ಬಿಡುವುದು ಅವರವರ ಇಷ್ಟ. ಉಳಿದವರ ಗತಿಯೇನೆಂಬುದು ನನ್ನ ಚಿಂತೆ. ಹತ್ತು ಮನೆಗಳಲ್ಲಿ ಆರು ಹೋದರೆ ತಲೆ ಕಡಿಮೆಯಾಯಿತು, ಸದಸ್ಯ ಸ್ಥಾನಕ್ಕೂ ಶಾಲೆಗೂ ಕುತ್ತು ಬಂತು. ಉಳಿದ ನಾಲ್ಕು ಮನೆಗಳಿಗೆ ಹೋಗುವ ದಾರಿ ಮಾತ್ರ ಒಂದು ಮಾರೂ ಕಡಿಮೆಯಾಗಲಿಲ್ಲ.

ಸಂಘಟಕರಿಂದ ಚೀಟಿ ಬಂದಿದೆ, ಊಟ ತಣ್ಣಗಾಗುತ್ತಿದೆಯಂತೆ. ಹಾಗಾಗಿ ಪಂಚಾಯತಿಯ ಸ್ವಂತ ಆದಾಯದ ಬಗ್ಗೆ ಬರೆದುಕೊಂಡು ಬಂದದ್ದನ್ನು ಬಿಡುತ್ತೇನೆ. ಮನೆಗಳೇ ವಿರಳವಾಗಿ, ನೆಲದ ಬಹುಪಾಲು ಅರಣ್ಯ ಇಲಾಖೆಯದಾಗಿರುವಲ್ಲಿ ಮನೆ ಕಂದಾಯ ಎಷ್ಟು ಹುಟ್ಟೀತೆಂಬುದು ನಿಮಗೇ ಗೊತ್ತು. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಗೆ ಅರ್ಧದಷ್ಟು ಜನರ ಕೋರಂ ಬೇಕೆಂಬ ನಿಯಮ ಚದುರಿದ ಊರುಗಳಲ್ಲಿ ಏನು ಪಾಡು ತರುತ್ತದೆ ಎಂಬುದನ್ನೂ ಸಂಜೆಯ ಗೋಷ್ಠಿಗೆ ಬಿಡೋಣ.

ಅನುದಾನದ ಬಗ್ಗೆ ಒಂದೇ ಮಾತು. ಸ್ಥಳೀಯ ಸಂಸ್ಥೆಗಳ ಹಣವನ್ನು ರಾಜ್ಯಗಳಿಗೆ ಹಂಚುವಾಗ 14 ಮತ್ತು 15ನೇ ಹಣಕಾಸು ಆಯೋಗಗಳು ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟವು. ಆ ಹತ್ತಾದರೂ ರಾಜ್ಯದೊಳಗಿನ ಹಂಚಿಕೆಯಲ್ಲಿ ನಮ್ಮಂಥ ಪಂಚಾಯತಿಗಳ ತನಕ ಇಳಿದು ಬರಲಿ, ಹತ್ತು ಮೂವತ್ತಾಗಲಿ ಎಂದು ಕೇಳಬೇಕು. ಕೇಳಲು ಕೈಯಲ್ಲಿ ಕಾಗದ ಬೇಕು. ಆದ್ದರಿಂದ ಸದಸ್ಯರು ತಮ್ಮ ತಮ್ಮ ಜನವಸತಿ ಸಭೆಗಳಲ್ಲಿ ಪ್ರತಿ ಮಜರೆಯಿಂದ ಶಾಲೆಗೆ, ಪಡಿತರ ಅಂಗಡಿಗೆ, ಉಪಕೇಂದ್ರಕ್ಕೆ ನಡೆದು ಹೋಗಲು ಎಷ್ಟು ಹೊತ್ತು ಬೇಕೆಂಬುದನ್ನು ಬರೆಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಕಲನ್ನು ತಾಲ್ಲೂಕು ಪಂಚಾಯತಿಗೆ ಕಳಿಸಿ ಸ್ವೀಕೃತಿ ಪಡೆಯಿರಿ. ಬೇಸಿಗೆಯ ದಾರಿಗೂ ಮಳೆಗಾಲದ ದಾರಿಗೂ ಬೇರೆ ಬೇರೆ ಕಲಂ ಇರಲಿ.