ಮಗನ ಹೆಸರಲ್ಲಿ ಒಂದು ಕೊಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚೀನಾದ ಟಿವಿ ಧಾರಾವಾಹಿಗಳನ್ನು ನೋಡುವವರಿಗೆ ಈ ದೃಶ್ಯ ಗೊತ್ತಿರುತ್ತದೆ. ಹೊಸ ವರ್ಷದ ಹಬ್ಬ. ಪಟ್ಟಣದಿಂದ ಬಂದ ಮಗ ಊಟಕ್ಕೆ ಕೂತಿದ್ದಾನೆ. ವಯಸ್ಸು ಮೂವತ್ತು ದಾಟಿದೆ. ಅಮ್ಮ ಅವನ ಬಟ್ಟಲಿಗೆ ಮೀನಿನ ತುಂಡು ಹಾಕುತ್ತಾ ಮೆಲ್ಲಗೆ ಕೇಳುತ್ತಾಳೆ, 'ಯಾರಾದ್ರೂ ಸಿಕ್ಕಿದ್ರಾ?' ಅವನು ತಲೆ ಎತ್ತುವುದಿಲ್ಲ. ಆಮೇಲೆ ಸೋದರತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು. ಎಲ್ಲರದ್ದೂ ಅದೇ ಪ್ರಶ್ನೆ. ಹೀಗೆ ಮದುವೆ ಮದುವೆ ಅಂತ ಬೆನ್ನು ಬೀಳುವುದಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ, 'ತ್ಸುಯ್‌ಹುನ್'.

ಟಿವಿಯಲ್ಲಿ ಇದಕ್ಕೆ ನಗು ಬರುತ್ತದೆ. ಆದರೆ ಶಾಂಘೈ ನಗರದ ಪೀಪಲ್ಸ್ ಪಾರ್ಕಿಗೆ ಶನಿವಾರ, ಭಾನುವಾರ ಹೋದವರಿಗೆ ಅಷ್ಟು ಸುಲಭವಾಗಿ ನಗು ಬರಲಾರದು. ಅಲ್ಲಿ ಬಿಚ್ಚಿದ ಕೊಡೆಗಳನ್ನು ಸಾಲಾಗಿ ನೆಲದ ಮೇಲೆ ಇಟ್ಟಿರುತ್ತಾರೆ. ಒಂದೊಂದು ಕೊಡೆಗೂ ಒಂದು ಹಾಳೆ ಸಿಕ್ಕಿಸಿರುತ್ತದೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಪಕ್ಕದಲ್ಲಿ ಮಡಚುವ ಸ್ಟೂಲು ಹಾಕಿಕೊಂಡು ಕೂತವರು ಅಪ್ಪ, ಅಮ್ಮ. ಮದುವೆ ಆಗಬೇಕಾದವರು ಬಂದಿರುವುದೇ ಅಪರೂಪ. ಎಷ್ಟೋ ಮಕ್ಕಳಿಗೆ ತಮ್ಮ ಹೆಸರಲ್ಲಿ ಅಲ್ಲೊಂದು ಕೊಡೆ ಇದೆ ಅನ್ನುವುದೂ ಗೊತ್ತಿರುವುದಿಲ್ಲ. ಮಗನಿಗೆ ಯಾವ ಹಾಡು ಇಷ್ಟ, ಅವನು ಯಾವುದಕ್ಕೆ ನಗುತ್ತಾನೆ, ಇದನ್ನೆಲ್ಲ ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ.

ನನಗೆ ಆ ತಾಯಂದಿರ ಮೇಲೆ ಸಿಟ್ಟು ಬರುವುದಿಲ್ಲ. 1980ರ ಹೊತ್ತಿಗೆ ಬಂದ ಒಂದೇ ಮಗುವಿನ ನಿಯಮ 2015ರ ಕೊನೆಯವರೆಗೂ ನಡೆಯಿತು. ಮೊದಲಾದರೆ ಒಬ್ಬ ಮಗ ಮದುವೆ ಬೇಡ ಅಂದರೂ ಅವನ ತಮ್ಮನ ಮಕ್ಕಳು ಮನೆಯಲ್ಲಿ ಓಡಾಡುತ್ತಿದ್ದರು. ಈಗ ಇರುವವನು ಅವನೊಬ್ಬನೇ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಎಲ್ಲರ ಆಸೆಯೂ ಅವನೊಬ್ಬನ ಹೆಗಲ ಮೇಲೆ.

ಇದರ ಜೊತೆಗೆ, ಒಂದೇ ಮಗು ಅಂದಾಗ ಬಹಳ ಮಂದಿ ಗಂಡೇ ಬೇಕು ಅಂದರು. ಹೆಣ್ಣು ಅಂತ ಗೊತ್ತಾದರೆ ಬಸಿರನ್ನೇ ತೆಗೆಸಿದರು. 2004ರ ಸುಮಾರಿಗೆ ಅಲ್ಲಿ ನೂರು ಹೆಣ್ಣು ಮಕ್ಕಳಿಗೆ 121 ಗಂಡು ಮಕ್ಕಳು ಹುಟ್ಟುತ್ತಿದ್ದರು. 2020ರ ಜನಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು ಮೂರೂವರೆ ಕೋಟಿ ಜಾಸ್ತಿ. ಬೇಕು ಬೇಕು ಅಂತ ಹರಕೆ ಹೊತ್ತು ಪಡೆದ ಗಂಡು ಮಕ್ಕಳಿಗೇ ಈಗ ಹೆಣ್ಣು ಸಿಗುತ್ತಿಲ್ಲ. ಹಳ್ಳಿಯ ಬಡ ಹುಡುಗರ ಪಾಡಂತೂ ಕೇಳುವುದೇ ಬೇಡ. ಹುಡುಗಿಯ ಮನೆಗೆ ತೆರ ಕೊಡಬೇಕು, ಪಟ್ಟಣದಲ್ಲಿ ಮನೆ ಬೇಕು. ಅಪ್ಪ, ಅಮ್ಮ ಸಾಲ ಮಾಡುತ್ತಾರೆ. ಹೀಗೆ ಉಳಿದುಹೋದ ಗಂಡಸನ್ನು ಅಲ್ಲಿ 'ಗುವಾಂಗ್‌ಗುನ್' ಅನ್ನುತ್ತಾರೆ. ಅಂದರೆ ಬೋಳು ಕೋಲು. ಎಂಥ ಕಠಿಣ ಮಾತು, ಅಲ್ವಾ?

ಮದುವೆಯೇ ಬೇಡ ಅನ್ನುವವರೂ ಹೆಚ್ಚಿದ್ದಾರೆ. 2013ರಲ್ಲಿ ಸುಮಾರು 1.35 ಕೋಟಿ ಜೋಡಿಗಳು ಮದುವೆ ನೋಂದಾಯಿಸಿದ್ದವು. 2024ರಲ್ಲಿ ಅದು ಸುಮಾರು 61 ಲಕ್ಷಕ್ಕೆ ಇಳಿಯಿತು.

ಮನೆಯವರ ಪ್ರಶ್ನೆಗಳನ್ನು ತಾಳಲಾರದೆ ಕೆಲವು ಹುಡುಗರು ಹಬ್ಬದ ನಾಲ್ಕು ದಿನಕ್ಕೆ ದುಡ್ಡು ಕೊಟ್ಟು ಒಬ್ಬ ಹುಡುಗಿಯನ್ನು ಊರಿಗೆ ಕರೆತರುತ್ತಾರೆ. ಇವಳೇ ನನ್ನ ಹುಡುಗಿ ಅನ್ನುತ್ತಾರೆ. ಅಮ್ಮನ ಮುಖ ಅರಳುತ್ತದೆ. ಸೊಸೆಯಾಗುವವಳು ಮೊದಲ ಸಲ ಮನೆಗೆ ಬಂದಾಗ ಕೆಂಪು ಲಕೋಟೆಯಲ್ಲಿ ದುಡ್ಡಿಟ್ಟು ಕೊಡುವುದು ಅಲ್ಲಿನ ವಾಡಿಕೆ. ಅಮ್ಮ ಒಳಗೆ ಹೋಗಿ ಆ ಲಕೋಟೆ ತರುತ್ತಾಳೆ. ಎರಡೂ ಕೈಯಲ್ಲಿ ಹಿಡಿದು ಆ ಹುಡುಗಿಗೆ ಕೊಡುತ್ತಾಳೆ. ಮಗ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾನೆ.

ನಮಸ್ಕಾರ.