ಆಟ ಎಲ್ಲಿ ಸಿಕ್ಕಿಕೊಳ್ಳುತ್ತಿದೆ?

ಕೇಳುಗರೇ, ನಮಸ್ಕಾರ.

ಈಚೆಗೆ ಹಾಸನದ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅಕ್ಕನ ಮಗ ಬಂದ. "ಮಾಮ, ಬಾ, ಒಂದ್ಸಲ ನೋಡು" ಎಂದು ಎಳೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದ. ಕಾರು ಓಡಿಸುವ ಆಟ. ಚಿತ್ರ ಅಷ್ಟೇನೂ ಚೆಂದ ಇರಲಿಲ್ಲ, ಆದರೂ ಕಾರು ಸಲೀಸಾಗಿ ಓಡುತ್ತಿತ್ತು. ತಿರುವು ಬಂತು ನೋಡಿ, ಪರದೆ ಗಕ್ಕನೆ ನಿಂತಿತು. ಅರೆಕ್ಷಣ ಅಷ್ಟೇ. ಮತ್ತೆ ಅಲ್ಲಾಡುವ ಹೊತ್ತಿಗೆ ಕಾರು ಗೋಡೆಗೆ ಗುದ್ದಿಯಾಗಿತ್ತು. "ಗ್ರಾಫಿಕ್ಸ್ ಕಾರ್ಡ್ ಬೇಕು ಮಾಮ, ಅಮ್ಮಂಗೆ ನೀನೇ ಹೇಳು" ಎಂದ.

ಆಟದ ಚಿತ್ರ ಬಿಡಿಸಲೆಂದೇ ಹಾಕುವ ಬೇರೆ ಕಾರ್ಡ್ ಅದು. ನಾನು ಹೇಳಲಿಲ್ಲ. ಮೊದಲು ನೋಡೋಣ ಇರು ಎಂದೆ.

ಆಟ ನಿಧಾನ ಆಗುವುದು ಬೇರೆ, ತಡವರಿಸುವುದು ಬೇರೆ. ಇಡೀ ಆಟ ಒಂದೇ ಸಮ ಎಳೆದುಕೊಂಡು ಹೋಗುತ್ತಿದ್ದರೆ ಹೆಚ್ಚಾಗಿ ಗ್ರಾಫಿಕ್ಸಿಗೆ ಶಕ್ತಿ ಸಾಲುತ್ತಿಲ್ಲ. ಚೆನ್ನಾಗಿ ಓಡುತ್ತಾ ಓಡುತ್ತಾ ನಡುವೆ ಗಕ್ಕನೆ ನಿಂತರೆ ಮೊದಲು ರ್ಯಾಮ್ ಮೇಲೆ, ಅಂದರೆ ನಡೆಯುತ್ತಿರುವ ಕೆಲಸಕ್ಕೆ ಬೇಕಾದದ್ದನ್ನು ಇಟ್ಟುಕೊಳ್ಳುವ ಮೆಮೊರಿಯ ಮೇಲೆ, ಅನುಮಾನ ಪಡಬೇಕು.

ಯಾಕೆ ಅಂದರೆ, ಸೆಕೆಂಡಿಗೆ 60 ಚಿತ್ರ ಬಂದರೆ ಆಟ ನಯವಾಗಿ ಕಾಣುತ್ತದೆ. ಒಂದೊಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗೂ ಕಡಿಮೆ. ರ್ಯಾಮ್ ತುಂಬಿಹೋದಾಗ ವಿಂಡೋಸ್ ಒಂದಿಷ್ಟನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ. ಬೇಕಾದಾಗ ಅಲ್ಲಿಂದಲೇ ತರಬೇಕು. ತಟ್ಟೆ ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸಲ ಹುಡುಕಿ ತೆಗೆಯಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂಥ ಹತ್ತಾರು ಚೂರು ಒಟ್ಟಿಗೆ ಬೇಕಾದರೆ ಆಟ ಕಾಯದೆ ಏನು ಮಾಡೀತು? ಆ ಕಾಯುವಿಕೆಯೇ ತಿರುವಿನಲ್ಲಿ ಕಂಡದ್ದು.

ಇದನ್ನು ನೀವೇ ನೋಡಬಹುದು. ಆಟ ನಡೆಯುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎನ್ನುವ ಕಡೆ ಹೋಗಿ. ಹುಡುಗನ ಕಂಪ್ಯೂಟರಿನಲ್ಲಿ ಮೆಮೊರಿ 94 ಪರ್ಸೆಂಟ್ ತುಂಬಿತ್ತು, ಡಿಸ್ಕ್ 100ಕ್ಕೆ ಅಂಟಿಕೊಂಡಿತ್ತು. ರ್ಯಾಮ್ ಸಿಕ್ಕಿಸುವ ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎನ್ನುವುದೂ ಅಲ್ಲೇ ಕಾಣುತ್ತದೆ. ನಾಲ್ಕರಲ್ಲಿ ಒಂದು. ಇದ್ದದ್ದು ಒಂದೇ 4 ಜಿಬಿ.

ಅದು ಯಾವುದೋ ಆಫೀಸಿನಲ್ಲಿ ದುಡಿದು ಬಂದ ಕಂಪ್ಯೂಟರ್. ಅದರ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಇಂಟೆಲ್ ನಾಲ್ಕನೇ ತಲೆಮಾರಿನ ಐ5, 2013ರಲ್ಲಿ ಮಾರುಕಟ್ಟೆಗೆ ಬಂದದ್ದು. ಗ್ರಾಫಿಕ್ಸಿನ ಭಾಗ ಆ ಪ್ರೊಸೆಸರಿನೊಳಗೇ ಇದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಆ 4 ಜಿಬಿಯಲ್ಲೇ ಪಾಲು ಕೇಳುತ್ತದೆ. ಹಾಗಾಗಿ ಇಂಥ ಕಂಪ್ಯೂಟರಿಗೆ ರ್ಯಾಮ್ ಹಾಕಿದರೆ ಗ್ರಾಫಿಕ್ಸಿಗೂ ಲಾಭ. ಅದರಲ್ಲೂ ಜೋಡಿ ಹಾಕಬೇಕು. ಡಿಡಿಆರ್3 ಎನ್ನುವ ತಲೆಮಾರಿನ, 1600 ವೇಗದ ರ್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಸಾಗಿಸಬಲ್ಲದು. ಸರಿಯಾದ ಸ್ಲಾಟಿನಲ್ಲಿ ಎರಡು ಹಾಕಿದರೆ 25.6. ಸ್ಲಾಟುಗಳಿಗೆ ಬಣ್ಣ ಕೊಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಬಣ್ಣದವು ಜೋಡಿ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕೆಳಗಿನ ಕಚ್ಚು ಬೇರೆ ಕಡೆ ಇರುತ್ತದೆ. ಒತ್ತಿ ಕೂರಿಸಲು ಹೋಗಬೇಡಿ.

ಮರುವಾರ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಅಂಥದೇ ಇನ್ನೊಂದು 4 ಜಿಬಿ ತೆಗೆದುಕೊಂಡು ಹೋದೆ. ವೈರ್ ಕಿತ್ತು, ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿಹಿಡಿದು, ಕವಚದ ಲೋಹ ಮುಟ್ಟಿ, ಆಮೇಲೆ ಬಿಚ್ಚಿದೆವು. ಫ್ಯಾನಿನ ರೆಕ್ಕೆಗೆ ಬೂದಿಬಣ್ಣದ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಹಳೆಯ ರ್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ಹುಡುಗ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತಂದುಕೊಟ್ಟ. ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ತುದಿ ಹಿಡಿದು ಒತ್ತಿದರೆ ಕ್ಲಿಪ್ಪು ಟಕ್ ಎಂದು ಕಚ್ಚಿಕೊಂಡಿತು. ಆ ಸದ್ದು ಕೇಳಲೇಬೇಕು. ಕೇಳದಿದ್ದರೆ ರ್ಯಾಮ್ ಪೂರ್ತಿ ಕೂತಿಲ್ಲ, ಪರದೆ ಕಪ್ಪಗೇ ಇರುತ್ತದೆ.

ಇನ್ನು ಗ್ರಾಫಿಕ್ಸ್ ಕಾರ್ಡ್. ಅದು ಬೇಕೇ ಬೇಕಾ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಆಟದ ಸೆಟಿಂಗ್ಸಿನಲ್ಲಿ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕಿಗಳ ಲೆಕ್ಕ, 1080ರಿಂದ 720ಕ್ಕೆ ಇಳಿಸಿ. ವೇಗ ಏರಿದರೆ ಕೊರತೆ ಗ್ರಾಫಿಕ್ಸಿನದು. ಏರದಿದ್ದರೆ ಪ್ರೊಸೆಸರೇ ಸುಸ್ತಾಗಿರಬಹುದು. ಅಂಥ ಕಡೆ ದುಬಾರಿ ಕಾರ್ಡ್ ಹಾಕಿದರೂ ದುಡ್ಡು ಸುಮ್ನೆ ಹೋದ ಹಾಗೆ.

ಕೊಳ್ಳುವ ಮೊದಲು, ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. ಆಫೀಸ್ ಕಂಪ್ಯೂಟರುಗಳಲ್ಲಿ ಅದು 250-300 ವ್ಯಾಟ್ ಆಸುಪಾಸಿನದು, ಕಾರ್ಡಿಗೆ ಬೇಕಾದ ಬೇರೆ ವೈರ್ ಸಾಮಾನ್ಯವಾಗಿ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲೇ ನಡೆಯುವ ಕಾರ್ಡ್ ಬೇಕು. ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650 ಎರಡರಲ್ಲೂ ಅಂಥವು ಸಿಗುತ್ತವೆ. ನನ್ನನ್ನು ಕೇಳಿದರೆ 1650. ಯಾಕೆಂದರೆ 1050 ಟಿಐಗೆ ಹೊಸ ಆಟಗಳ ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಬರುವುದು 2025ರ ಅಕ್ಟೋಬರಿಗೆ ನಿಂತಿತು, ಈಗ ಭದ್ರತೆಯದು ಮಾತ್ರ. ನಿಮ್ಮ ಕಂಪ್ಯೂಟರಿನ ಡಬ್ಬಿ ತೆಳ್ಳಗಿದ್ದರೆ ಗಿಡ್ಡ ಕಾರ್ಡೇ ಬೇಕು. ಸ್ಕೇಲ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಜಿಬಿ ಲೆಕ್ಕ ಒಂದನ್ನೇ ನಂಬಬೇಡಿ. ಕೆಲವು ವರ್ಷದ ಹಿಂದೆ ನಾನು ಜಿಟಿ 1030 ಕಾರ್ಡ್ ಕೊಂಡೆ. 2 ಜಿಬಿ. ಗೆಳೆಯನ ಹತ್ತಿರವೂ ಅದೇ ಹೆಸರಿನ, ಅಷ್ಟೇ ಜಿಬಿಯ ಕಾರ್ಡಿತ್ತು. ಅವನದರಲ್ಲಿ ಓಡುವ ಆಟ ನನ್ನದರಲ್ಲಿ ತೆವಳುತ್ತಿತ್ತು. ಅವನ ಕಾರ್ಡಿನ ಮೆಮೊರಿ ಜಿಡಿಡಿಆರ್5 ಎನ್ನುವ ಬಗೆಯದು, ಸೆಕೆಂಡಿಗೆ 48 ಜಿಬಿ ಸಾಗಿಸುವಂಥದ್ದು. ನನ್ನದು ಡಿಡಿಆರ್4, ಬರೀ 17ರ ಹತ್ತಿರ. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಬೇಸರ ಇನ್ನೂ ಇದೆ. ನೀವು ಕೇಳಿ, ಡಬ್ಬದ ಮೇಲೆ ಬರೆದದ್ದನ್ನೂ ಓದಿ.

ಹಾಂ, ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ಸಿಕ್ಕಿಸಬೇಕು. ಹಳೆಯ ಜಾಗದಲ್ಲೇ ಬಿಟ್ಟು, ಏನೂ ಬದಲಾಗಲಿಲ್ಲ ಎಂದು ಕೊರಗುವವರು ಬಹಳ ಜನ.

ಹಾಸನದ ಹುಡುಗನಿಗೆ ಸದ್ಯ ಕಾರ್ಡ್ ಬರಲಿಲ್ಲ. ರ್ಯಾಮ್ ಹಾಕಿ ಕಂಪ್ಯೂಟರ್ ಆನ್ ಮಾಡಿದೆವು. ಅದೇ ಆಟ, ಅದೇ ತಿರುವು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ಕಾರು ಎಲ್ಲೂ ನಿಲ್ಲದೆ ತಿರುಗಿಕೊಂಡು ಹೋಯಿತು. ಕಾರ್ಡಿನ ಮಾತು ಪರೀಕ್ಷೆ ಮುಗಿದ ಮೇಲೆ ಎಂದು ಅಕ್ಕ ಹೇಳಿದ್ದಾಳೆ.

ನಮಸ್ಕಾರ.